ಮಗು ನಿಮ್ಮ ಮುಖ ನೋಡಬೇಕೆ? ಮೊದಲು ಚಾಪೆ ಮೇಲೆ ಕೂರಿ

‘ನನ್ನ ಮುಖ ನೋಡಿ ಮಾತಾಡು’ ಅನ್ನುವ ಮಾತನ್ನು ಬಾಲವಾಡಿಯಲ್ಲಿ ಬಿಟ್ಟುಬಿಡಿ. ನಮ್ಮ ಮನೆಗಳಲ್ಲಿ ಆ ಮಾತು ಬರುವುದೇ ಬೈಯುವಾಗ. ಹಾಲು ಚೆಲ್ಲಿದಾಗ, ತಂಗಿಗೆ ಹೊಡೆದಾಗ. ಮಗು ನಿಜವಾಗಿಯೂ ತಲೆಯೆತ್ತಿ ನೋಡಿದರೆ ‘ಏನು ಕಣ್ಣು ಬಿಡ್ತೀಯಾ?’ ಅಂತ ಇನ್ನೊಂದು ಗದರಿಕೆ. ಮೂರು ವರ್ಷದ ಮಗುವಿಗೆ ಇದರಲ್ಲಿ ಯಾವುದು ಸರಿ ಅಂತ ಹೇಗೆ ಗೊತ್ತಾಗಬೇಕು? ಸಾಲದ್ದಕ್ಕೆ ನಮ್ಮದು ಮುಂಬಯಿ. ಲೋಕಲ್ ರೈಲಿನಲ್ಲಿ ಮೈಗೆ ಮೈ ತಾಗಿಸಿ ನಿಂತರೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನೋಡುವ ಮಗುವನ್ನು ಅಮ್ಮನೇ ಆ ಕಡೆ ತಿರುಗಿಸಿ ನಿಲ್ಲಿಸುತ್ತಾಳೆ.

ವಡಾಳದ ಹತ್ತಿರ ಇರುವ ನಮ್ಮ ಬಾಲವಾಡಿಗೆ ಎರಡು ಬಗೆಯ ಮನೆಗಳ ಮಕ್ಕಳು ಬರುತ್ತಾರೆ. ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಮತ್ತೆ ಹೋಟೆಲಿನಲ್ಲಿ ದುಡಿಯುವ ಉಡುಪಿ ಕಡೆಯವರ ಮಕ್ಕಳು. ಕೆಲವರ ಮನೆಯಲ್ಲಿ ತುಳು, ಚಾಳಿನ ಅಕ್ಕಪಕ್ಕದ ಮನೆಗಳಲ್ಲಿ ಹಿಂದಿ-ಮರಾಠಿ, ನನ್ನ ಹತ್ತಿರ ಕನ್ನಡ. ಈ ಮಕ್ಕಳು ಹೊಸದರಲ್ಲಿ ಕಣ್ಣು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಾರೆ. ಅದನ್ನು ತಪ್ಪು ಅಂದುಕೊಳ್ಳಬೇಡಿ. ಬಾರ್ಸಿಲೋನಾದ ಹಸುಗೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ಭಾಷೆ ಕೇಳಿ ಬೆಳೆಯುವ ಕೂಸುಗಳು ಒಂದೇ ಭಾಷೆಯ ಕೂಸುಗಳಿಗಿಂತ ಜಾಸ್ತಿ ಹೊತ್ತು ಮಾತಾಡುವವರ ಬಾಯಿ ನೋಡುತ್ತಿದ್ದವು. ಮಾತು ಹಿಡಿಯುವ ದಾರಿ ಅದು. ನಾನಂತೂ ಬಾಯಿ ನೋಡುವ ಮಗುವಿನ ಜೊತೆ ಇನ್ನಷ್ಟು ನಿಧಾನವಾಗಿ ಮಾತಾಡುತ್ತೇನೆ, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕೂರುವುದರಲ್ಲಿದೆ. ನೀವು ಕುರ್ಚಿಯಲ್ಲಿ, ಮಗು ನೆಲದ ಮೇಲೆ ಅಂದರೆ ಅದಕ್ಕೆ ಕಾಣುವುದು ನಿಮ್ಮ ಮೊಣಕಾಲು ಮತ್ತು ಸೀರೆಯ ನೆರಿಗೆ. ಚಾಪೆ ಮೇಲೆ ಕೂರಿ. ಸಾಧ್ಯವಾದರೆ ನಿಮ್ಮ ಕಣ್ಣು ಮಗುವಿನ ಕಣ್ಣಿಗಿಂತ ಸ್ವಲ್ಪ ಕೆಳಗೇ ಇರಲಿ. ಎದುರುಬದುರು ಬೇಡ, ಒಂಚೂರು ಓರೆಯಾಗಿ. ನಾಚಿಕೆಯ ಮಗುವಿಗೆ ಆಗ ಬೇಕೆಂದಾಗ ನೋಡುವ, ಬೇಡವೆಂದಾಗ ತಿರುಗಿಕೊಳ್ಳುವ ಸ್ವಾತಂತ್ರ್ಯ ಇರುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ. ಹಿಂದಿನಿಂದ ಬೆಳಕು ಬಂದರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ಯಾರು ತಾನೇ ನೋಡುತ್ತಾರೆ?

ಎರಡನೆಯದು, ಆಟವನ್ನು ನಡುವೆ ನಿಲ್ಲಿಸುವುದು. ಸ್ಟೇಷನ್ ಹೊರಗೆ ಸಾಬೂನಿನ ಗುಳ್ಳೆ ಊದುವ ಡಬ್ಬಿ ಸಿಗುತ್ತದಲ್ಲ, ಅದನ್ನು ತನ್ನಿ. ಒಂದೆರಡು ಸಲ ಊದಿ. ಮುಂದಿನ ಸಲ ಕಡ್ಡಿಯನ್ನು ತುಟಿಯ ಹತ್ತಿರ ತಂದು ಸುಮ್ನೆ ಇರಿ. ಏನೂ ಹೇಳಬೇಡಿ. ಮಗು ಮೊದಲು ಕಡ್ಡಿ ನೋಡುತ್ತದೆ. ಇನ್ನೂ ಯಾಕೆ ಬರಲಿಲ್ಲ ಅಂತ ಆಮೇಲೆ ನಿಮ್ಮ ಮುಖ ನೋಡುತ್ತದೆ. ಅದೇ ಗಳಿಗೆಯಲ್ಲಿ ಊದಿಬಿಡಿ. ಚಪ್ಪಾಳೆ ಹಾಡಿನಲ್ಲೂ ಹೀಗೆಯೇ, ಕೊನೆಯ ಚಪ್ಪಾಳೆಗೆ ಕೈ ಎತ್ತಿ ತಡೆಯಿರಿ. ಸೆರಗಿನಲ್ಲಿ ಮುಖ ಮುಚ್ಚಿ ತೆರೆಯುವ ಆಟ ಕೂಸುಗಳಿಗೆ ಮಾತ್ರ ಅಂತ ಕೆಲವರು ಬಿಟ್ಟಿದ್ದಾರೆ. ನಾಲ್ಕು ವರ್ಷದವರೂ ಬಿದ್ದು ಬಿದ್ದು ನಗುತ್ತಾರೆ. ಕಥೆ ಹೇಳುವಾಗ ಚಿತ್ರವನ್ನು ಮಡಿಲಲ್ಲಿ ಇಡುವ ಬದಲು ಕೆನ್ನೆಯ ಪಕ್ಕ ಹಿಡಿಯಿರಿ.

ಹಣೆಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಅದು ಹಿಡಿಸಿಲ್ಲ. ಮಗು ಸ್ಟಿಕ್ಕರ್ ನೋಡುತ್ತದೆಯೇ ಹೊರತು ನಮ್ಮನ್ನಲ್ಲ.

ತಿಂಡಿ ಡಬ್ಬಿಯ ಹೊತ್ತು ಒಳ್ಳೆಯ ಅವಕಾಶ. ಮುಚ್ಚಳ ಬಿಗಿಯಾಗಿದೆ, ಮಗು ತಂದು ಕೊಡುತ್ತದೆ. ಒಂದು ಉಸಿರಿನಷ್ಟು ಕಾಯಿರಿ. ನೋಡಿದರೆ ನಕ್ಕು ತೆರೆಯಿರಿ. ನೋಡದಿದ್ದರೂ ತೆರೆಯಿರಿ! ಹಸಿದ ಮಗುವಿನ ಅವಲಕ್ಕಿಯನ್ನು ಅಡವಿಟ್ಟು ಕಣ್ಣು ಕೇಳಬಾರದು. ನೋಡಿದ ಕೂಡಲೇ ‘ಶಾಬಾಶ್, ನೋಡಿದೆಯಲ್ಲ!’ ಅನ್ನುವುದೂ ಬೇಡ. ಅಷ್ಟೊಂದು ಗದ್ದಲ ಮಾಡಿದರೆ ಅದು ಮತ್ತೆ ತಲೆ ತಗ್ಗಿಸುತ್ತದೆ. ಒಂದು ನಗು ಸಾಕು.

ಪ್ರಶ್ನೆ ಕೇಳಿದಾಗ ಮಾತ್ರ ಇದೆಲ್ಲ ಪಕ್ಕಕ್ಕಿರಲಿ. ‘ನಿನ್ನೆ ಮನೆಗೆ ಯಾರು ಬಂದಿದ್ದರು?’ ಅಂದರೆ ಮಗು ಫ್ಯಾನ್ ನೋಡುತ್ತಾ ಯೋಚಿಸುತ್ತದೆ. ಯೋಚಿಸಲಿ. ಸ್ಕಾಟ್ಲೆಂಡಿನ ಸಂಶೋಧಕರು 5 ವರ್ಷದ ಮಕ್ಕಳಿಗೆ ಯೋಚಿಸುವಾಗ ಬೇರೆ ಕಡೆ ನೋಡುವುದನ್ನು ಅಭ್ಯಾಸ ಮಾಡಿಸಿದರು. ಆ ಮಕ್ಕಳ ಉತ್ತರಗಳು ಇನ್ನೂ ಚೆನ್ನಾಗಿ ಬಂದವು. 2006ರಲ್ಲಿ ಪ್ರಕಟವಾದ ಕೆಲಸ ಅದು. ಎದುರಿನ ಮುಖವನ್ನು ಓದುವುದೂ ತಲೆಗೆ ಒಂದು ಕೆಲಸವೇ, ಅಲ್ವಾ?

ತಾಯಂದಿರ ಜೊತೆಗೂ ಮಾತಾಡಬೇಕು. ಯಾದಗಿರಿಯ ಒಬ್ಬ ತಾಯಿ ಮಗನ ಗದ್ದ ಹಿಡಿದೆತ್ತಿ, ‘ಅಕ್ಕೋರ ಮುಖಾ ನೋಡೋ, ನೆಲಾ ಏನ್ ನೋಡ್ತಿ’ ಅಂದಳು. ನಾನು ಮೆಲ್ಲಗೆ ಅವಳ ಕೈ ಬಿಡಿಸಿದೆ. ‘ಇರಲಿ ಬಿಡವ್ವಾ, ಅವನು ಕಿವಿಯಿಂದ ಕೇಳ್ತಿದ್ದಾನೆ’ ಅಂದೆ. ಗದ್ದ ಹಿಡಿದು ತಿರುಗಿಸಿದರೆ ಮುಖ ಅಂದರೆ ಹೆದರಿಕೆ ಅಂತಲೇ ಮಗು ಕಲಿಯುವುದು. ಆಟಿಸಂ, ಅಂದರೆ ಬೇರೆಯವರೊಡನೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆ, ಇರುವ ಕೆಲವು ಮಕ್ಕಳಿಗೆ ಕಣ್ಣಿಗೆ ಕಣ್ಣು ಕೊಡುವುದೇ ಹಿಂಸೆ. ಅಂಥ ಮಗು ನಿಮ್ಮ ಪಕ್ಕ ಕೂತು, ನೀವು ತೋರಿಸಿದ ಗೊಂಬೆಯನ್ನು ನೋಡಿದರೂ ಅದು ನಿಮ್ಮ ಜೊತೆಗೇ ಇದೆ. ಕಣ್ಣಿಗಾಗಿ ಪಟ್ಟು ಹಿಡಿಯಬೇಡಿ.

ಬರೀ ಕಣ್ಣು ತಪ್ಪಿಸುವುದಕ್ಕೆ ಗಾಬರಿ ಬೇಡ. ಜೊತೆಗೆ ಹೆಸರು ಕರೆದರೂ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಸಿಕ್ಕ ವಸ್ತುವನ್ನು ‘ನೋಡು’ ಅಂತ ತಂದು ತೋರಿಸುವುದಿಲ್ಲ ಅಂದರೆ ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿ. ಕಿವಿ ಮತ್ತು ಕಣ್ಣಿನ ಪರೀಕ್ಷೆಯೂ ಆಗಲಿ. ಕಿವಿಗೆ, ಮಾತಿಗೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಡಾಕ್ಟರ ಹತ್ತಿರ ಹೋಗುವ ಮೊದಲು ಆ ಮಗುವಿನ ತಾಯಿಗೆ ಒಂದು ಚೀಟಿ ಬರೆದು ಕೊಡಿ: ಯಾವ ಆಟದಲ್ಲಿ ಮಗು ನೋಡಿತು, ಯಾರನ್ನು ನೋಡಿತು, ಯಾವಾಗ ತಿರುಗಲೇ ಇಲ್ಲ. ಹತ್ತು ನಿಮಿಷ ಮಾತ್ರ ಮಗುವನ್ನು ನೋಡುವ ಡಾಕ್ಟರಿಗೆ ಇದು ಬೇರೆಲ್ಲೂ ಸಿಗುವುದಿಲ್ಲ.