ವಾಷಿಂಗ್ ಮಷಿನ್ ಮೋಟಾರು ಮತ್ತು ಒಂದು ಜಪಾನಿ ಕ್ರ್ಯಾಂಕು

ನನ್ನ ಹಳೇ ಸೈಕಲ್ಲಿನ ಅಲ್ಯೂಮಿನಿಯಂ ಭಾಗಗಳಿಗೆ ಮನೆಯಲ್ಲೇ ಹೊಳಪು ತಂದು ತೋರಿಸಿದಾಗ, "ಒಂದು ಮಳೆಗಾಲ ಕಳೀಲಿ, ಆಮೇಲೆ ಮಾತಾಡೋಣ" ಅಂದಿದ್ದರು ನಮ್ಮ ಸೈಕಲ್ ಗುಂಪಿನವರು. ಮೂರು ಮಳೆಗಾಲ ಕಳೆದಿವೆ. ಕ್ರ್ಯಾಂಕಿನಲ್ಲಿ, ಅಂದರೆ ಪೆಡಲ್ ಕೂರುವ ಕೈಯಲ್ಲಿ, ಇವತ್ತೂ ಮುಖ ನೋಡಿ ಮೀಸೆ ಕತ್ತರಿಸಬಹುದು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಸೈಕಲ್ ಸಿಕ್ಕಿದ್ದು ಮೈಸೂರಿನ ಗೋಕುಲಂನಲ್ಲಿ. ಯೋಗ ಕಲಿಯಲು ಬರುವ ವಿದೇಶಿಯರಿಗೆ ಆ ಕಡೆ ಎಷ್ಟೋ ಮನೆಯವರು ರೂಮು ಬಾಡಿಗೆ ಕೊಡುತ್ತಾರೆ. ಹಾಗೆ ಬಂದಿದ್ದ ಯಾರೋ ಒಬ್ಬರು ವಾಪಸ್ ಹೋಗುವಾಗ ಬಿಟ್ಟುಹೋದ 80ರ ದಶಕದ ಜಪಾನಿ ಟೂರಿಂಗ್ ಸೈಕಲ್ ಅದು. ಮನೆಯವರು ಹತ್ತು ಹನ್ನೆರಡು ವರ್ಷ ನೀರಿನ ಸಂಪಿನ ಪಕ್ಕ ನಿಲ್ಲಿಸಿದ್ದರು. ಮೇಲೆ ಒಂದು ಹಳೇ ಚಾಪೆ, ಆ ಚಾಪೆ ಮೇಲೆ ಬೆಕ್ಕು. "ಗುಜರಿಗೆ ಹಾಕೋಣ ಅಂತಿದ್ವಿ, ನೀವು ಕೇಳ್ತಿದ್ದೀರಲ್ಲ, ಮೂರು ಸಾವಿರ ಕೊಡಿ" ಅಂದರು. ಎರಡೂವರೆಗೆ ಒಪ್ಪಿಸಿದೆ.

ಸುಗಿನೋ ಕ್ರ್ಯಾಂಕ್, ಸನ್‌ಟೂರ್ ಡಿರೈಲರ್ (ಚೈನ್ ಸರಿಸಿ ಗೇರ್ ಬದಲಿಸುವ ಭಾಗ), ಡಯಾ-ಕಾಂಪ್ ಬ್ರೇಕು, ನಿಟ್ಟೋ ಸ್ಟೆಮ್ (ಹ್ಯಾಂಡಲ್ ಹಿಡಿಯುವ ಭಾಗ), ಅರಾಯಾ ರಿಮ್. ಹೆಸರು ಕೇಳಿದರೇ ಬಾಯಲ್ಲಿ ನೀರು ಬರುತ್ತದೆ, ಅಲ್ವಾ? ನೋಡಿದರೆ ಮಾತ್ರ ಎಲ್ಲವೂ ಬೂದಿ ಬಣ್ಣ. ಕ್ರ್ಯಾಂಕಿನ ಮೇಲೆ ಬಿಳಿ ಬೂಷ್ಟು, ಅದರ ಕೆಳಗೆ ಸಣ್ಣ ಸಣ್ಣ ಕುಳಿ.

ಮೊದಲ ತಪ್ಪು ನನ್ನದೇ. ಬ್ರೇಕ್ ಲಿವರ್ ಎರಡನ್ನೂ ಬಿಚ್ಚಿ ಒಂದು ಬಫಿಂಗ್ ಅಂಗಡಿಗೆ, ಅಂದರೆ ತಿರುಗುವ ಬಟ್ಟೆ ಚಕ್ರಕ್ಕೆ ಒತ್ತಿ ಲೋಹಕ್ಕೆ ಹೊಳಪು ಕೊಡುವವರಿಗೆ, ಕೊಟ್ಟೆ. ಜೋಡಿಗೆ 150 ರೂಪಾಯಿ, ಅರ್ಧ ಗಂಟೆಯ ಕೆಲಸ. ವಾಪಸ್ ಬಂದಾಗ ಥಳಥಳ ಅನ್ನುತ್ತಿದ್ದವು. ಆದರೆ ಎಡಗಡೆ ಲಿವರ್ ಮೇಲಿದ್ದ 'ಡಯಾ-ಕಾಂಪ್' ಅಕ್ಷರದಲ್ಲಿ 'ಕಾಂಪ್' ಇರಲೇ ಇಲ್ಲ. ಅಂಚುಗಳೆಲ್ಲ ಸೋಪು ಸವೆದ ಹಾಗೆ ಗುಂಡಗಾಗಿದ್ದವು. ಅವರಿಗೆ ಬಾಗಿಲ ಹಿಡಿಕೆಯೂ ಒಂದೇ, ಲಿವರೂ ಒಂದೇ. ಅವತ್ತೇ ತೀರ್ಮಾನ ಮಾಡಿದೆ, ಮಾಡಿದರೆ ಮನೆಯಲ್ಲೇ.

ಗುಂಪಿನಲ್ಲಿ ಒಬ್ಬ ಎಂಜಿನಿಯರ್ ಗೆಳೆಯ ಇದ್ದಾನೆ. "ಲೋ, 2,800 ಆರ್‌ಪಿಎಂ ಬೆಂಚ್ ಬಫ್ ಇಲ್ಲದೆ ಏನೂ ಆಗಲ್ಲ. ಏಳೆಂಟು ಸಾವಿರ ಇಡು" ಅಂದ. ಮಂಡಿ ಮೊಹಲ್ಲಾದ ಸೈಕಲ್ ಶಾಪಿನ ಚಾಚಾ ಇನ್ನೂ ಒಂದು ಹೆಜ್ಜೆ ಮುಂದೆ: "ಸಾರ್, ಸಿಲ್ವರ್ ಪೇಂಟ್ ಹೊಡೀರಿ, ಎಂಬತ್ತು ರೂಪಾಯಿ." ನಾನು ಗುಜರಿ ಅಂಗಡಿಗೆ ಹೋಗಿ ಹಳೇ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ನಿನ ಸ್ಪಿನ್ ಮೋಟಾರ್ ತಂದೆ. ಕೆಪಾಸಿಟರ್ ಸೇರಿ 350. ಸುಮಾರು 1,400 ಆರ್‌ಪಿಎಂ. ಶಾಫ್ಟಿಗೆ ಬಫ್ ಕೂರಿಸಲು ಲೇತ್‌ನವರ ಹತ್ತಿರ ಒಂದು ತುಂಡು ಮಾಡಿಸಿದ್ದಕ್ಕೆ 250. ಹಲಗೆಗೆ ಬೋಲ್ಟ್ ಹಾಕಿ ಮಲಗಿಸಿದೆ. ಗೆಳೆಯ ನೋಡಿ ನಕ್ಕ. ಜೋರಾಗಿ ಒತ್ತಿದರೆ ಮೋಟಾರ್ ನಿಂತೇ ಹೋಗುತ್ತಿತ್ತು, ನಿಜ.

ಆದರೆ ಅದರ ಒಳ್ಳೇ ಗುಣವೇ ಅದು. ಚೈನ್‌ವೀಲಿನ ಹಲ್ಲು ಬಫಿಗೆ ಸಿಕ್ಕಿಕೊಂಡರೆ ನನ್ನ ಮೋಟಾರ್ 'ಹೂಂ' ಅಂತ ನಿಲ್ಲುತ್ತದೆ, ಅಷ್ಟೇ. ಗೆಳೆಯನ ಬೆಂಚ್ ಬಫಿನಲ್ಲಿ ಅದೇ ಆದಾಗ ಚೈನ್‌ವೀಲು ಹಾರಿ ಹೋಗಿ ಗೋಡೆಗೆ ಬಡಿದು ಬಾಗಿತು. ಅವನ ಬೆರಳು ಉಳಿದದ್ದು ಅದೃಷ್ಟ. ಈ ವಿಷಯ ಅವನು ಗುಂಪಿನಲ್ಲಿ ಹೇಳಿಲ್ಲ, ನಾನು ಹೇಳುತ್ತಿದ್ದೇನೆ.

ಬಫ್ ವಿಷಯ ಆಮೇಲೆ. ಮೊದಲು ಆನೊಡೈಸಿಂಗ್, ಅಂದರೆ ಅಲ್ಯೂಮಿನಿಯಂ ಮೇಲೆ ಕಾರ್ಖಾನೆಯಲ್ಲೇ ಕೂರಿಸಿದ ಗಟ್ಟಿ ಪದರ, ತೆಗೆಯಬೇಕಿತ್ತು. ಇದನ್ನು ತೆಗೆಯದೆ ತಿಂಗಳುಗಟ್ಟಲೆ ಬ್ರಾಸೋ ಉಜ್ಜಿ ಬೈದುಕೊಳ್ಳುವವರನ್ನು ಬಹಳ ನೋಡಿದ್ದೇನೆ. ಬಟ್ಟೆ ಕಪ್ಪಾದರೆ ಬರೀ ಅಲ್ಯೂಮಿನಿಯಂ. ಎಷ್ಟು ಉಜ್ಜಿದರೂ ಬಟ್ಟೆ ಹಾಗೇ ಇದ್ದರೆ ಮೇಲೆ ಪದರ ಇದೆ ಅಂತ ಅರ್ಥ. ಇನ್ನೂ ಅನುಮಾನ ಇದ್ದರೆ ಮಲ್ಟಿಮೀಟರ್ ಕಡ್ಡಿ ಎರಡನ್ನೂ ಮೆಲ್ಲಗೆ ಇಟ್ಟು ನೋಡಿ. ಬೀಪ್ ಬರದಿದ್ದರೆ ಪದರ ಇದೆ. ಚುಚ್ಚಬೇಡಿ, ಚುಚ್ಚಿದರೆ ಪದರ ಒಡೆದು ಸುಳ್ಳು ಬೀಪ್ ಬರುತ್ತದೆ.

ತೆಗೆಯಲು ಕಾಸ್ಟಿಕ್ ಸೋಡಾ. ಒಂದು ಲೀಟರ್ ತಣ್ಣೀರಿಗೆ ಎರಡು ಚಮಚ, ಪ್ಲಾಸ್ಟಿಕ್ ಬಕೆಟ್, ಮನೆಯ ಹೊರಗೆ. ನೀರಿಗೆ ಸೋಡಾ ಹಾಕಬೇಕು, ಸೋಡಾಗೆ ನೀರಲ್ಲ. ಗ್ಲೌಸ್, ಕನ್ನಡಕ ನಿಮಗೆ ಗೊತ್ತೇ ಇದೆ. ಬರುವುದು ಹೈಡ್ರೋಜನ್, ಹಾಗಾಗಿ ಪಕ್ಕದಲ್ಲಿ ಬೀಡಿ ಸಿಗರೇಟು ಬೇಡ. ಮೊದಲು ಏನೂ ಆಗುವುದಿಲ್ಲ. ಪದರ ಕರಗಿ ಮುಗಿದ ಜಾಗದಿಂದ ಸಣ್ಣ ಗುಳ್ಳೆ ಏಳಲು ಶುರು, ಸೋಡಾ ಬಾಟಲ್ ತೆಗೆದ ಹಾಗೆ. ಎಲ್ಲ ಕಡೆಯಿಂದ ಗುಳ್ಳೆ ಬಂತು ಅಂದ ತಕ್ಷಣ ಎತ್ತಬೇಕು. ನನ್ನ ಕ್ರ್ಯಾಂಕಿಗೆ ಎರಡು ಮೂರು ನಿಮಿಷ ಹಿಡಿಯಿತು. ಹೊರಗೆ ಬಂದಾಗ ಮಸಿ ಹಿಡಿದಿರುತ್ತದೆ. ಹೆದರಬೇಡಿ, ಅದು ಒರೆಸಿದರೆ ಹೋಗುತ್ತದೆ.

ಡಿರೈಲರನ್ನು ಬಕೆಟ್ಟಿಗೆ ಹಾಕಿದ ದಿನ ಮಾತ್ರ ಗ್ಯಾಸ್ ಸಿಲಿಂಡರಿನವನು ಬಂದ. ಓಟಿಪಿ ಹುಡುಕು, ಚಿಲ್ಲರೆ ಹುಡುಕು, ರೆಗ್ಯುಲೇಟರ್ ನೋಡು, ಹದಿನೈದು ನಿಮಿಷ ಆಯಿತು. ಬಂದು ನೋಡಿದರೆ ಬಕೆಟ್ ಕುದಿಯುತ್ತಿದೆ, ಮುಟ್ಟಿದರೆ ಬಿಸಿ. ಎತ್ತಿದಾಗ ಡಿರೈಲರ್ ಸುಟ್ಟ ಬದನೆಕಾಯಿ ಆಗಿತ್ತು. ಮೈಯೆಲ್ಲ ತರಿತರಿ, ಪಿವೋಟ್‌ಗಳು ಲೊಡ ಲೊಡ. ಆ ರಾತ್ರಿ ಊಟ ಸೇರಲಿಲ್ಲ. ಓರೆಯಾಗಿ ಚಲಿಸುವ ಡಿರೈಲರನ್ನು 1964ರಲ್ಲೇ ಮಾಡಿದ ಕಂಪನಿ ಈ ಸನ್‌ಟೂರ್. ಪೇಟೆಂಟ್ ಮುಗಿಯುವವರೆಗೆ ಬೇರೆಯವರು ಕಾಯಬೇಕಾಯಿತು. ಅಂಥದ್ದನ್ನು ನಾನು ಹದಿನೈದು ನಿಮಿಷದಲ್ಲಿ ಮುಗಿಸಿದ್ದೆ. ಆಮೇಲೆ ನಾಲ್ಕು ಭಾನುವಾರ ಬೆಂಗಳೂರಿನ ಸಂಡೇ ಬಜಾರ್ ಸುತ್ತಿದೆ. ಅದೇ ಥರದ್ದು 600 ರೂಪಾಯಿಗೆ ಸಿಕ್ಕಿತು. ಓಡಾಟ, ದೋಸೆ, ಕಾಫಿ ಸೇರಿಸಿದರೆ 2,000 ದಾಟಿರಬೇಕು. ಹೆಂಡತಿಗೆ 600 ಅಂತಲೇ ಹೇಳಿದ್ದೇನೆ.

ಪದರ ಹೋದ ಮೇಲೆ ಎಮರಿ ಪೇಪರ್. ನನ್ನ ಲೆಕ್ಕದಲ್ಲಿ ಹೊಳಪಿನ ನೂರರಲ್ಲಿ ತೊಂಬತ್ತು ಪಾಲು ಇಲ್ಲೇ ಇದೆ. ಮೋಟಾರ್ ಮಾಡುವುದು ಉಳಿದ ಹತ್ತು. 2,800 ಬೇಕು ಅನ್ನುವವರು ಪೇಪರ್ ಕೆಲಸ ಅರ್ಧಕ್ಕೆ ಬಿಟ್ಟು, ಉಳಿದ ಗೀರನ್ನು ಬಫ್ ತಿನ್ನಲಿ ಅಂತ ಕಾಯುವವರು. ಬಫ್ ಗೀರನ್ನು ತಿನ್ನುವುದಿಲ್ಲ. ಗೀರಿಗೇ ಪಾಲಿಶ್ ಹಾಕಿ ಎದ್ದು ಕಾಣಿಸುತ್ತದೆ.

ಪೇಪರಿನ ನಂಬರ್ ಏರಿದಷ್ಟೂ ಅದು ನುಣುಪು. ನಾನು 320ರಿಂದ ಶುರು ಮಾಡಿ 400, 600, 1000, 1500, 2000ಕ್ಕೆ ಮುಗಿಸಿದೆ. ಕುಳಿ ಜಾಸ್ತಿ ಇದ್ದ ಕಡೆ ಮಾತ್ರ 220. ಒಂದು ಪೇಪರ್ ಕ್ರ್ಯಾಂಕಿನ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹಿಂದಿನ ಗೀರು ಒಂದೂ ಕಾಣದಿರುವ ತನಕ ಮುಂದಿನ ನಂಬರಿಗೆ ಹೋಗಬಾರದು. ಟ್ಯೂಬ್‌ಲೈಟ್ ಕೆಳಗೆ ಕೂತರೆ ಗೀರು ಕಾಣುವುದಿಲ್ಲ. ಬೆಳಗ್ಗೆ ಎಂಟರ ಬಿಸಿಲಿನಲ್ಲಿ ಓರೆ ಹಿಡಿದು ನೋಡಿ, ಎಲ್ಲ ಬಂಡವಾಳ ಬಯಲಾಗುತ್ತದೆ. ನಾನು 1000ದ ತನಕ ಹೋಗಿ ಮತ್ತೆ 400ಕ್ಕೆ ಇಳಿದದ್ದು ಮೂರು ಸಲ. ಕ್ರ್ಯಾಂಕಿನ ನಡುವಿನ ಉದ್ದ ಕಾಲುವೆಗೆ ಪೆನ್ಸಿಲಿಗೆ ಪೇಪರ್ ಸುತ್ತಿಕೊಂಡೆ, ಮೂಲೆಗಳಿಗೆ ಐಸ್‌ಕ್ರೀಂ ಕಡ್ಡಿ. ಅಕ್ಷರ ಕೊರೆದ ಜಾಗಕ್ಕೆ 600ಕ್ಕಿಂತ ಒರಟು ಪೇಪರ್ ತಾಗಿಸಲೇ ಇಲ್ಲ, ಬೆರಳ ತುದಿಯಲ್ಲೇ ಉಜ್ಜಿದೆ. ಸುಗಿನೋ ಅಂತ ಇವತ್ತೂ ಓದಬಹುದು.

ನೀರಿನ ಬದಲು ಸೀಮೆಎಣ್ಣೆ ಹಾಕಿದ್ದು ನನಗೆ ತುಂಬಾ ಕೂಡಿ ಬಂತು. ಪೇಪರಿಗೆ ಅಲ್ಯೂಮಿನಿಯಂ ಮೆತ್ತಿಕೊಳ್ಳುವುದಿಲ್ಲ. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಅತ್ತೆ ಮನೆ ಅಟ್ಟದಲ್ಲಿ ಅರ್ಧ ಕ್ಯಾನ್ ಇತ್ತು. ಅದು ಮುಗಿದ ಮೇಲೆ ಡೀಸೆಲ್ಲಿನಲ್ಲಿ ಮಾಡಿದೆ. ಕೆಲಸ ಆಗುತ್ತದೆ, ವಾಸನೆಗೆ ಮನೆಯಲ್ಲಿ ಮಾತು ನಿಲ್ಲುತ್ತದೆ. ಪೇಪರ್ ಒಟ್ಟು ನಲವತ್ತು ಹಾಳೆ ಹಿಡಿದಿರಬಹುದು, ಹಾಳೆಗೆ 15ರಿಂದ 20 ರೂಪಾಯಿ. ಒಂದೊಂದು ಕ್ರ್ಯಾಂಕಿಗೆ ಆರೇಳು ಗಂಟೆ.

ಈ ಕೆಲಸದ ಒಂದು ಲಾಭ ಯಾರೂ ಹೇಳುವುದಿಲ್ಲ. ಕ್ರ್ಯಾಂಕಿನಿಂದ ಚೈನ್‌ವೀಲ್ ಹಿಡಿಯುವ ಕೈಗಳು ಕವಲೊಡೆಯುವ ಸಂದಿ ಇದೆಯಲ್ಲ, ಹಳೇ ಕ್ರ್ಯಾಂಕುಗಳು ಬಿರುಕು ಬಿಡುವುದು ಅಲ್ಲೇ. ಬೂಷ್ಟು ಹಿಡಿದಾಗ ಕಾಣುವುದಿಲ್ಲ. 600ರಲ್ಲಿ ಉಜ್ಜಿದ ಮೇಲೆ ಕೂದಲಷ್ಟು ಗೆರೆ ಇದ್ದರೂ ಕಪ್ಪಗೆ ಕಾಣುತ್ತದೆ. ನನ್ನದರಲ್ಲಿ ಇರಲಿಲ್ಲ. ಇದ್ದಿದ್ದರೆ ಗೋಡೆಗೆ ನೇತುಹಾಕುತ್ತಿದ್ದೆ, ತುಳಿಯುತ್ತಿರಲಿಲ್ಲ. ಎಡಗಡೆ ಕ್ರ್ಯಾಂಕಿನ ಹಿಂದೆ ನಾಲ್ಕೈದು ಆಳದ ಕುಳಿ ಹಾಗೇ ಬಿಟ್ಟಿದ್ದೇನೆ. ಅದನ್ನು ತೆಗೆಯಲು ಹೋಗಿ ಕ್ರ್ಯಾಂಕನ್ನೇ ತೆಳ್ಳಗೆ ಮಾಡುವುದರಲ್ಲಿ ಅರ್ಥ ಇಲ್ಲ.

ಬಫಿಗೆ ಹತ್ತಿ ಬಟ್ಟೆ ಚಕ್ರ ಎರಡು, ತಲಾ 120. ಒಂದಕ್ಕೆ ಕಂದು ಲಸ್ಟರ್ (ಚಕ್ರಕ್ಕೆ ಹಚ್ಚುವ ಪಾಲಿಶ್ ಗಟ್ಟಿ), ಇನ್ನೊಂದಕ್ಕೆ ಬಿಳಿ. ಎರಡನ್ನೂ ಒಂದೇ ಚಕ್ರಕ್ಕೆ ಹಚ್ಚಿದರೆ ಕೆಟ್ಟಿರಿ. ಅಂಗಡಿಯವನು ಮೊದಲು ಹಸಿರು ಕೊಟ್ಟಿದ್ದ. ಅದು ಸ್ಟೀಲಿಗೆ ಸರಿ, ನನ್ನ ನಿಧಾನದ ಚಕ್ರದಲ್ಲಿ ಅಲ್ಯೂಮಿನಿಯಂ ಮೇಲೆ ಕಾಡಿಗೆ ಬಳಿದ ಹಾಗೆ ಗೆರೆ ಎಳೆಯಿತು. 180 ರೂಪಾಯಿ ದಂಡ. ಲಸ್ಟರ್ ಜಾಸ್ತಿ ಹಚ್ಚುವುದು ಇನ್ನೊಂದು ತಪ್ಪು, ಎರಡು ಸೆಕೆಂಡ್ ತಾಗಿಸಿದರೆ ಸಾಕು. ಕೊನೆಯಲ್ಲಿ ಉಳಿಯುವ ಕಪ್ಪು ಜಿಡ್ಡಿಗೆ ಮೈದಾ ಉದುರಿಸಿ ಹಳೇ ಬನಿಯನ್ನಿನಲ್ಲಿ ಒರೆಸಿ. ನಗಬೇಡಿ, ಮಾಡಿ ನೋಡಿ. ಮೈದಾ ಆದ ಮೇಲೆ ಕೈಯಲ್ಲಿ ಉಜ್ಜುವ ಕೊನೇ ಸುತ್ತು ಒಂದಿದೆ. ಅದಕ್ಕೆ ಬಳಸುವ ಪಾಲಿಶ್ ಪೇಸ್ಟಿಗೆ ನಾನು ಏನೋ ಒಂದನ್ನು ಎರಡು ಹನಿ ಸೇರಿಸುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ. ಅಡುಗೆ ಮನೆಯದ್ದಲ್ಲ ಅಂತ ಮಾತ್ರ ಹೇಳಬಲ್ಲೆ.

ಅಡುಗೆ ಮನೆಯ ಪ್ರಯೋಗಗಳೆಲ್ಲ ಅದಕ್ಕೆ ಮುಂಚೆಯೇ ಮುಗಿದಿದ್ದವು. ಹುಣಸೆಹಣ್ಣು ಹಿತ್ತಾಳೆ ದೀಪಕ್ಕೆ ಸರಿ, ಇಲ್ಲಿ ಬೂಷ್ಟು ಹೋಗುತ್ತದೆ, ಹೊಳಪು ಬರುವುದಿಲ್ಲ. ನಿಂಬೆ ಸಿಪ್ಪೆ ಹಾಕಿ ಕುದಿಸಿದರೆ ಕಪ್ಪಾದ ಕುಕ್ಕರ್ ಬೆಳ್ಳಗಾಗುತ್ತದಲ್ಲ, ಹಾಗೇ ಚಕ್ರದ ನಡುವಿನ ಹಬ್ ಅನ್ನೂ ಕುದಿಸಿದೆ. ಬೆಳ್ಳಗಾಯಿತು, ಆದರೆ ಸುಣ್ಣ ಬಳಿದ ಹಾಗೆ ಮಂಕು. ಅಡುಗೆ ಸೋಡಾ ಇನ್ನೂ ಕಪ್ಪು ಮಾಡಿತು. ಟೂತ್‌ಪೇಸ್ಟ್ ಪರವಾಗಿಲ್ಲ, ಆದರೆ ಒಂದು ರಿಮ್ಮಿಗೆ ಮೂರು ಟ್ಯೂಬ್ ಬೇಕಾದೀತು. ಊಟ ಕಟ್ಟುವ ಫಾಯಿಲನ್ನು ನೀರಲ್ಲಿ ಅದ್ದಿ ಕ್ರೋಮ್ ಮೇಲಿನ ತುಕ್ಕಿಗೆ ಉಜ್ಜಿದ್ದು ಮಾತ್ರ ಭರ್ಜರಿ ಕೆಲಸ ಮಾಡಿತು. ನಟ್ಟು ಬೋಲ್ಟೆಲ್ಲ ಹಾಗೇ ತೊಳೆದದ್ದು.

ಸೀಟ್ ಪಿಲ್ಲರ್, ಅಂದರೆ ಸೀಟು ಹಿಡಿಯುವ ಕೊಳವೆ, ಅದರ ಕಥೆಯೇ ಬೇರೆ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ, ಹನ್ನೆರಡು ವರ್ಷ ಅಲುಗಾಡಿಲ್ಲ. ಎರಡೂ ಕಚ್ಚಿಕೊಂಡು ಒಂದಾಗಿದ್ದವು. ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಮೂರು ದಿನ ಕುಡಿಸಿದೆ, ಜಗ್ಗಲಿಲ್ಲ. ಚಾಚಾ ಗ್ಯಾಸ್ ಟಾರ್ಚ್ ತೆಗೆದರು, ನಾನು ಬೇಡ ಅಂದೆ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ, ಅಂದರೆ ಇನ್ನೂ ಬಿಗಿ. ತಂಪಾದರೆ ಕುಗ್ಗುವುದೂ ಅಷ್ಟೇ ಜಾಸ್ತಿ. ಐಸ್ ಪುಡಿಗೆ ಕಲ್ಲುಪ್ಪು ಬೆರೆಸಿ ಪಿಲ್ಲರಿನ ಟೊಳ್ಳಿಗೆ ತುಂಬಿದೆ. ಪಿಲ್ಲರಿನ ತಲೆಯನ್ನು ವೈಸಿಗೆ (ಬೆಂಚಿನ ಇಕ್ಕಳಕ್ಕೆ) ಕಚ್ಚಿಸಿ, ಫ್ರೇಮನ್ನೇ ಸ್ಟಿಯರಿಂಗ್ ಥರ ಇಬ್ಬರು ತಿರುಗಿಸಿದೆವು. ಮೂರನೇ ಸಲ 'ಕಿರ್ರ್' ಅಂತ ಒಂದು ಸದ್ದು ಬಂತು. ಮನೆಯಲ್ಲಿ ಮಗು ಹುಟ್ಟಿದಾಗಲೂ ಚಾಚಾ ಅಷ್ಟು ನಕ್ಕಿರಲಿಕ್ಕಿಲ್ಲ. ಉಪ್ಪು ನೀರನ್ನು ತಕ್ಷಣ ತೊಳೆಯಬೇಕು, ಮರೆಯಬೇಡಿ.

ಮೇಲೆ ಏನು ಬಳಿಯಬೇಕು ಅನ್ನುವುದಕ್ಕೂ ದುಡ್ಡು ಕಳೆದೆ. ಸ್ಪ್ರೇ ಲ್ಯಾಕರ್, 280 ರೂಪಾಯಿ. ಐದು ತಿಂಗಳಿಗೆ ಹಳದಿಯಾಗಿ, ಶೂ ತಾಗುವ ಕಡೆ ಹಪ್ಪಳದ ಹಾಗೆ ಎದ್ದಿತು. ಎಲ್ಲ ತಿನ್ನರಿನಲ್ಲಿ ತೆಗೆದು ಈಗ ಬರೀ ಕಾರ್ ವ್ಯಾಕ್ಸ್. ಚಾಮುಂಡಿ ಬೆಟ್ಟ ಹತ್ತಿ ಮಳೆಯಲ್ಲಿ ನೆನೆದು ಬಂದರೆ ಒರೆಸಿ ನಿಲ್ಲಿಸುತ್ತೇನೆ. ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ಆಯುಧಪೂಜೆಗೊಮ್ಮೆ, ಹತ್ತು ನಿಮಿಷ ಪಾಲಿಶು.

ಸೈಕಲ್ಲು, ಬೆಂಗಳೂರಿನ ಓಡಾಟ ಬಿಟ್ಟು ಬರೀ ಈ ಹೊಳಪಿಗೇ ಮೂರೂವರೆ ಸಾವಿರ ಚಿಲ್ಲರೆ ಆಗಿರಬಹುದು, ತಪ್ಪುಗಳೂ ಸೇರಿ. ತಪ್ಪು ಮಾಡದಿದ್ದರೆ ಎರಡು ಸಾವಿರದೊಳಗೆ ಮುಗಿಯುತ್ತಿತ್ತು.

ಹೋದ ತಿಂಗಳು ಚಾಚಾ ಅವರೇ ಮನೆಗೆ ಬಂದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಬ್ರೇಕ್ ಲಿವರ್, ಯಾರೋ ಗಿರಾಕಿಯದ್ದು. "ಸಾರ್, ಇದಕ್ಕೆ ಎಷ್ಟು ತಗೋತೀರಿ?" ಜೋಡಿಗೆ 800 ಅಂದೆ. "ಸಿಲ್ವರ್ ಪೇಂಟಿಗೆ ಎಂಬತ್ತು ಸಾರ್" ಅಂದರು. ಐನೂರಕ್ಕೆ ನಿಂತಿತು. ಪೇಸ್ಟಿಗೆ ಏನು ಸೇರಿಸುತ್ತೀರಿ ಅಂತ ಬಾಗಿಲಲ್ಲಿ ನಿಂತು ಎರಡು ಸಲ ಕೇಳಿದರು. ಟೀ ಕುಡೀರಿ ಚಾಚಾ ಅಂದೆ.