ಪಕ್ಕದ ಮನೆ ಕುಕ್ಕರ್ ಮತ್ತು ನನ್ನ ತಮ್ಮ

ನನ್ನ ತಮ್ಮನಿಗೆ ಆಗ 23 ವರ್ಷ. ತುಮಕೂರಿನ ನಮ್ಮ ವಠಾರದಲ್ಲಿ ಪಕ್ಕದ ಮನೆ ಕುಕ್ಕರ್ ಮೂರು ಸಲ ಕೂಗಿದರೆ ಸಾಕು, ಎದ್ದು ಬಾಗಿಲ ಚಿಲಕ ಹಾಕುತ್ತಿದ್ದ. ತನ್ನನ್ನು ಹಿಡಿಯೋಕೆ ಬರುವವರಿಗೆ ಅದು ಸಿಗ್ನಲ್ ಅಂತ ಅವನ ಲೆಕ್ಕ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸಾಕ್ಷಿ ತೋರಿಸಿದರೆ ಒಪ್ಪುತ್ತಾನೆ ಅಂದುಕೊಂಡೆ. ಪಕ್ಕದ ಮನೆ ಆಂಟಿಗೆ ವಿಷಯ ಹೇಳಿ, ಒಂದು ವಾರ ಕುಕ್ಕರ್ ಇಡಬೇಡಿ ಅಂತ ಕೇಳಿಕೊಂಡೆ. ಪಾಪ, ಪಾತ್ರೆಯಲ್ಲೇ ಬೇಳೆ ಬೇಯಿಸಿದರು. ನಾಲ್ಕನೇ ದಿನ ತಮ್ಮ ಪಿಸುಗುಟ್ಟಿದ: "ನೋಡಕ್ಕ, ನಂಗೆ ಗೊತ್ತಾಗಿದೆ ಅಂತ ಅವರಿಗೂ ಗೊತ್ತಾಯ್ತು. ಅದಕ್ಕೇ ನಿಲ್ಲಿಸಿದ್ದಾರೆ."

ಕೂಗಿದರೂ ಸಾಕ್ಷಿ, ಕೂಗದಿದ್ದರೂ ಸಾಕ್ಷಿ!

ಕಾಫಿ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಡಾಕ್ಟರು ಕೊಟ್ಟ ಮಾತ್ರೆ ಬೇಡ ಅಂದ. ಪುಡಿ ಮಾಡಿ ಕಾಫಿಗೆ ಬೆರೆಸಿದೆ. ಲೋಟದ ತಳದಲ್ಲಿ ಬಿಳಿ ಪುಡಿ ಕಂಡ. ಮನೆಯವರೇ ವಿಷ ಹಾಕುತ್ತಾರೆ ಅನ್ನೋ ಅನುಮಾನ ಅವನಿಗೆ ಮೊದಲೇ ಇತ್ತು. ಅದಕ್ಕೆ ಪುರಾವೆ ಒದಗಿಸಿದವಳು ನಾನು. ಎರಡು ದಿನ ನಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಅಂದರು ಡಾಕ್ಟರು. ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಹದ ತಪ್ಪಿದಾಗ, ನಾವು ಸುಮ್ನೆ ಬಿಟ್ಟುಬಿಡುವ ಸದ್ದೂ ತನಗಾಗಿಯೇ ಬಂದಂತೆ ಕೇಳುತ್ತದಂತೆ. ಅದಕ್ಕೊಂದು ಅರ್ಥ ಹುಡುಕದೆ ಮನಸ್ಸು ಬಿಡಲ್ಲ. ಅರ್ಥ ಕಟ್ಟೋಕೆ ಸಾಮಾನು ಸಿಗುವುದು ಸುತ್ತಮುತ್ತಲಿಂದಲೇ. ನಮ್ಮಜ್ಜಿ ಕಾಲದಲ್ಲಿ ಮಾಟ, ಈಗ ವೈಫೈ. ಲಂಡನ್ನಿನ ಬೆತ್ಲೆಮ್ ಮಾನಸಿಕ ಆಸ್ಪತ್ರೆಯಲ್ಲಿದ್ದ ಜಾನ್ ಹ್ಯಾಸ್ಲಮ್ 1810ರಲ್ಲಿ ಒಬ್ಬ ರೋಗಿಯ ಬಗ್ಗೆ ಬರೆದ. ಒಂದು ಗ್ಯಾಂಗು 'ಗಾಳಿ ಮಗ್ಗ' ಅನ್ನೋ ಯಂತ್ರ ಇಟ್ಟುಕೊಂಡು ತನ್ನ ತಲೆಯೊಳಗೆ ಕೈಯಾಡಿಸುತ್ತಿದೆ ಅಂತ ಆ ರೋಗಿ ನಂಬಿದ್ದನಂತೆ. ಆಗ ಇಂಗ್ಲೆಂಡಿನಲ್ಲಿ ಬಟ್ಟೆ ಗಿರಣಿಗಳ ಕಾಲ, ನೋಡಿ.

ಆಮೇಲೆ ವಾದ ಬಿಟ್ಟೆ. ಹಾಗಂತ ಹೌದು ಅಂತಲೂ ಅನ್ನಲಿಲ್ಲ. "ನಂಗೆ ಅದು ಬರೀ ಕುಕ್ಕರ್ ಥರ ಕೇಳುತ್ತೆ ಕಣೋ. ಆದರೆ ನಿಂಗೆ ತುಂಬಾ ಹೆದರಿಕೆ ಆಗ್ತಿದೆ, ಅಲ್ವಾ?" ಅಂದೆ. ಅತ್ತುಬಿಟ್ಟ. ರಾತ್ರಿಯಿಡೀ ಕಾವಲು ಕಾಯುತ್ತಾ ನಿದ್ದೆಗೆಟ್ಟು ಸಾಕಾಗಿದೆ ಅಂತ ತಾನೇ ಹೇಳಿದ. ಈ ಮಾತ್ರೆಯಿಂದ ಹೆದರಿಕೆ ಕಡಿಮೆಯಾಗಿ ನಿದ್ದೆಯೂ ಬರುತ್ತೆ ಅಂದಿದ್ದಾರೆ, ನೋಡ್ತೀಯಾ ಅಂತ ಕೇಳಿದೆ. ಒಡೆಯದ ಶೀಟನ್ನು ಅವನ ಕೈಗೇ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ಓದಿ, ತಾನೇ ಬಿಡಿಸಿ ನುಂಗಿದ. ಅವತ್ತಿಂದ ಕಾಫಿ ಅವನೆದುರೇ ಒಂದೇ ಪಾತ್ರೆಯಿಂದ ಇಬ್ಬರಿಗೂ ಬಗ್ಗಿಸುತ್ತೇನೆ. ಮೊದಲ ಗುಟುಕು ನನ್ನದು.

ನನ್ನ ಕೈಲಿ ಆಗದ ರಾತ್ರಿಗಳೂ ಇದ್ದವು. ಅಂಥ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಚಿಲಕ ಹಾಕುವುದು ನಿಲ್ಲೋಕೆ ಐದಾರು ವಾರ ಹಿಡಿಯಿತು. ಕುಕ್ಕರ್ ಈಗಲೂ ಕೂಗುತ್ತೆ, ಅವನು ಈಗಲೂ ಎಣಿಸುತ್ತಾನೆ. ಒಮ್ಮೆ ಕೇಳಿದ್ದಕ್ಕೆ, "ಆಗ ಸಿಗ್ನಲ್ ಕೊಡ್ತಿದ್ರು ಅಕ್ಕ, ಈಗ ಬಿಟ್ಟಿದ್ದಾರೆ" ಅಂದ. ನಾನು ಮಾತು ಬೆಳೆಸಲಿಲ್ಲ. ಟೀವಿಯಲ್ಲಿ ಮ್ಯಾಚ್ ಬರುತ್ತಿತ್ತು, ಸೌಂಡ್ ಜಾಸ್ತಿ ಮಾಡು ಅಂದ.