ಸೊನ್ನೆ ಕಲಿಸಿದ ಲ್ಯಾಟಿನ್ ‘ಇನ್’

ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ‘ಇಂಪಾಸಿಬಲ್’ ಅನ್ನು ‘ಎಂ’ ಬದಲು ‘ಎನ್’ ಹಾಕಿ ಬರೆದ ನೋಟ್‌ಬುಕ್‌ಗಳು ವರ್ಷವರ್ಷವೂ ಬರುತ್ತಿದ್ದವು. ನಿಯಮ ಬಾಯಿಪಾಠ ಮಾಡಿಸಿದರೆ ಪರೀಕ್ಷೆವರೆಗೆ ಉಳಿಯುತ್ತಿತ್ತು, ಅಷ್ಟೇ.

ಒಂದು ದಿನ ಬೋರ್ಡಿನ ಮೇಲೆ ‘ಸಂತೆ’, ‘ಕಂಪು’ ಎಂದು ಬರೆದು ನಿಧಾನವಾಗಿ ಓದಿಸಿದೆ. ಎರಡರಲ್ಲೂ ಇರುವುದು ಅದೇ ಸೊನ್ನೆ. ಆದರೆ ‘ಸಂತೆ’ ಅನ್ನುವಾಗ ನಾಲಗೆ ಹಲ್ಲಿಗೆ ತಾಗಿತು, ‘ಕಂಪು’ ಅನ್ನುವಾಗ ತುಟಿ ಮುಚ್ಚಿತು. ಮಕ್ಕಳು ಬೆರಳಿಟ್ಟು ನೋಡಿಕೊಂಡರು. ಮುಂದೆ ‘ಪ’ ಬರುತ್ತದೆಂದು ತುಟಿ ಮೊದಲೇ ಸಿದ್ಧವಾಗುತ್ತದೆ. ‘ಇಂಪಾಸಿಬಲ್’ ಲ್ಯಾಟಿನ್ ಮೂಲದ ಪದ. ‘ಅಲ್ಲ’ ಎಂಬರ್ಥದ ಅದರ ‘ಇನ್’, ಲ್ಯಾಟಿನ್ ಆಡುತ್ತಿದ್ದವರ ಬಾಯಲ್ಲೂ ಹೀಗೇ ‘ಇಮ್’ ಆಯಿತು. ‘ಇಲ್ಲೀಗಲ್’ ಬಂದಾಗ ಒಬ್ಬ ಹುಡುಗಿ ತಾನಾಗಿಯೇ ಅಂದಳು: “ಮಿಸ್, ತತ್ ಮತ್ತು ಲೀನ ಸೇರಿ ತಲ್ಲೀನ ಆದ ಹಾಗೆ!” ಆ ಉದಾಹರಣೆ ನನಗೇ ಹೊಳೆದಿರಲಿಲ್ಲ.

ಹಾಗಾದರೆ ‘ಅನ್‌ಪಾಪ್ಯುಲರ್’ ಯಾಕೆ ಬದಲಾಗಲಿಲ್ಲ ಎಂಬ ಪ್ರಶ್ನೆಯೂ ಬಂತು. ಆ ‘ಅನ್’ ಇಂಗ್ಲಿಷಿನ ಸ್ವಂತದ್ದು. ‘ಇಮ್’, ‘ಇಲ್’ ಲ್ಯಾಟಿನ್ನಿನಲ್ಲೇ ರೂಪ ಬದಲಿಸಿಕೊಂಡು ಬಂದವು.

ಮೂಲಕ್ಕೆ ಹೋದರೆ ಇವೆಲ್ಲ ಒಂದೇ ಬಳ್ಳಿಯವು. ಲ್ಯಾಟಿನ್ನಿನ ‘ಇನ್’, ಇಂಗ್ಲಿಷಿನ ‘ಅನ್’, ಗ್ರೀಕ್ ಮತ್ತು ಸಂಸ್ಕೃತದ ‘ಅ’, ‘ಅನ್’ ಎಲ್ಲವೂ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ನಿಷೇಧ ಪೂರ್ವಪ್ರತ್ಯಯದಿಂದ ಹುಟ್ಟಿದವು. ಲ್ಯಾಟಿನ್ನಿನಲ್ಲಿ ‘ಅಮೀಕುಸ್’ ಎಂದರೆ ಗೆಳೆಯ, ‘ಇನಿಮೀಕುಸ್’ ಎಂದರೆ ಶತ್ರು. ‘ಎನಿಮಿ’ ಬಂದದ್ದು ಅದರಿಂದ. ಸಂಸ್ಕೃತದ ‘ಅಮಿತ್ರ’ಕ್ಕೂ ಅದೇ ಕಟ್ಟು, ಅದೇ ಅರ್ಥ. ‘ಇನ್‌ಫಂಟ್’ ಎಂದರೆ ಮೂಲದಲ್ಲಿ ಮಾತು ಬಾರದ್ದು, ನಮ್ಮ ಹಸುಗೂಸು. ಈ ‘ಬಾರದ್ದು’ ನೋಡಿ: ಕನ್ನಡ ಬೇರೆ ಮನೆತನದ ಭಾಷೆ, ಅದರ ನಿಷೇಧ ಧಾತುವಿನ ನಂತರ ಬರುತ್ತದೆ. ತಿಳಿದ, ತಿಳಿಯದ.

ಇಷ್ಟು ಹೇಳಿಕೊಟ್ಟೂ ಒಂದು ದೊಡ್ಡ ತಪ್ಪು ಮಾಡಿದ್ದೆ. ಪದದ ಮೊದಲಿಗೆ ‘ಇನ್’ ಇದ್ದರೆ ‘ಇಲ್ಲ’ ಎಂದರ್ಥ ಅಂದುಬಿಟ್ಟಿದ್ದೆ. ಮರುದಿನ ಹಿಂದಿನ ಬೆಂಚಿನ ಹುಡುಗ ಕೇಳಿದ: “ಮಿಸ್, ಪೆಟ್ರೋಲ್ ಟ್ಯಾಂಕರ್ ಮೇಲೆ ಹೈಲಿ ಇನ್‌ಫ್ಲೇಮಬಲ್ ಅಂತ ಇರುತ್ತಲ್ಲ, ಅಂದರೆ ಅದು ಉರಿಯಲ್ವಾ?” ಎದೆ ಧಸಕ್ಕೆಂದಿತು. ‘ಒಳಗೆ’, ‘ಒಳಕ್ಕೆ’ ಎಂಬ ಅರ್ಥದ ಇನ್ನೊಂದು ‘ಇನ್’ ಲ್ಯಾಟಿನ್ನಿನಲ್ಲಿದೆ. ಒಳಕ್ಕೆ ಹೊತ್ತು ತರುವುದು ‘ಇಂಪೋರ್ಟ್’. ಬೆಂಕಿ ಹೊತ್ತಿಸುವ ‘ಇನ್‌ಫ್ಲಮ್ಮಾರೆ’ಯಿಂದ ‘ಇನ್‌ಫ್ಲೇಮಬಲ್’, ಅಂದರೆ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಎರಡು ‘ಇನ್’ಗಳಿಗೂ ರೂಪ ಒಂದೇ, ಹುಟ್ಟು ಬೇರೆ.

ಈಗ ಈ ಪಾಠ ಶುರುವಾಗುವುದೇ ಆ ಟ್ಯಾಂಕರಿನಿಂದ.